ಬೆಂಚಿನ ಆ ತುದಿ

ಪಿಟ್ಸ್‌ಬರ್ಗ್
ಏಪ್ರಿಲ್ 14, 2003

ಆರ್ಲೋ,

ನಿಮ್ಮ ಡೆಟ್ರಾಯಿಟ್ ಬೇಸ್‌ಬಾಲ್ ತಂಡದವರು ಮೊದಲ ಒಂಬತ್ತು ಆಟಗಳನ್ನೂ ಸೋತು ಹತ್ತನೆಯದನ್ನು ಹೇಗೋ ಗೆದ್ದರೆಂದು ರೇಡಿಯೋದಲ್ಲಿ ಕೇಳಿದೆ. ಪಟಾಕಿ ಹೊಡೆದಿರಾ, ಇಲ್ಲ ನಾಚಿಕೆಯಿಂದ ಸುಮ್ಮನಿದ್ದಿರಾ? ನಮ್ಮವರು ಸದ್ಯಕ್ಕೆ ಚೆನ್ನಾಗಿಯೇ ಆಡುತ್ತಿದ್ದಾರೆ. ನಾನು ನಂಬುವುದಿಲ್ಲ. ಹತ್ತು ವರ್ಷದಿಂದ ಪ್ರತಿ ಏಪ್ರಿಲ್‌ನಲ್ಲೂ ಆಸೆ ತೋರಿಸಿ ಜೂನ್ ಹೊತ್ತಿಗೆ ಕೈಕೊಡುವ ಜನ ಇವರು.

ಜನವರಿಯಲ್ಲಿ ನನ್ನ ಗಂಟಲಿನ ಗಡ್ಡೆ ತೆಗೆದದ್ದು ನಿನಗೆ ಗೊತ್ತು. ಮಾರ್ಚ್‌ವರೆಗೆ ವಿಕಿರಣ ಕೊಟ್ಟು ಸುಟ್ಟರು. ಈಗ ಮಾತಾಡಿದರೆ ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ ಕೇಳುತ್ತದೆ. ಎದುರಿಗೆ ಕೂತರೂ ವೆರಾ "ಏನಂದ್ರಿ, ಏನಂದ್ರಿ" ಅನ್ನುತ್ತಾಳೆ. ನಲವತ್ತು ವರ್ಷ ಗಂಡನ ಮಾತು ಕೇಳದಿದ್ದವಳಿಗೆ ಈಗ ಒಳ್ಳೆಯ ನೆಪ ಸಿಕ್ಕಿದೆ. ಆದ್ದರಿಂದ ಇನ್ನು ಫೋನ್ ಬೇಡ, ಕಾಗದವೇ ಸರಿ.

ಡಾಕ್ಟರು ಹೇಳಿದ್ದು ಇಷ್ಟು. ಈಗ ಎಲ್ಲ ಶುದ್ಧವಾಗಿದೆ. ಜೂನ್‌ನಲ್ಲಿ ಒಂದು ಪರೀಕ್ಷೆ, ಸೀಸನ್ ಮುಗಿಯುವ ಹೊತ್ತಿಗೆ ಸೆಪ್ಟೆಂಬರ್ ಕೊನೆಯಲ್ಲಿ ಇನ್ನೊಂದು. ಎರಡರಲ್ಲೂ ಏನೂ ಕಾಣಿಸದಿದ್ದರೆ ನಾನು ಉಳಿದುಕೊಂಡೆ ಎಂದು ಅರ್ಥ.

ನಾನು ಪಿಚರ್ ಆಗಿ ಎಸೆದ ಚೆಂಡನ್ನು ಬ್ಯಾಟಿನವನ ಹಿಂದೆ ಕೂತು ಹಿಡಿಯುತ್ತಿದ್ದ ಕ್ಯಾಚರ್ ನೀನು, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಪಿಚರ್ ಒಬ್ಬ ಎದುರಾಳಿಗೆ ಚೆಂಡು ಹೊಡೆದು ಓಡಲು ಬಿಡದೆ, ಒಂದೇ ಒಂದು ಹಿಟ್ ಕೊಡದೆ ಅರ್ಧ ಆಟ ದಾಟಿದ್ದಾನೆ ಅಂದುಕೋ. ಆಗ ಆ ಮಾತನ್ನು ಯಾರೂ ಎತ್ತುವ ಹಾಗಿಲ್ಲ. ಎತ್ತಿದರೆ ದೃಷ್ಟಿ ತಾಗಿತೆಂದೇ ಲೆಕ್ಕ, ಮುಂದಿನ ಚೆಂಡಿಗೇ ಹಿಟ್ ಬೀಳುತ್ತದೆ. ನನ್ನ ಗಂಟಲಿಗೂ ಅದೇ ನಿಯಮ. ಸೆಪ್ಟೆಂಬರ್‌ವರೆಗೆ ನೀನು ಕೇಳಬೇಡ, ನಾನು ಹೇಳುವುದಿಲ್ಲ. ವೆರಾಳಿಗೂ ನಿನಗೆ ಫೋನ್ ಮಾಡಕೂಡದೆಂದು ಕಟ್ಟಪ್ಪಣೆ ಮಾಡಿದ್ದೇನೆ.

ನಮ್ಮ ಇನ್ನೊಂದು ನಿಯಮವೂ ನೆನಪಿರಲಿ. ಜುಲೈ ನಾಲ್ಕರ ಸ್ವಾತಂತ್ರ್ಯ ದಿನಕ್ಕೆ ಯಾರ ತಂಡ ಹೆಚ್ಚು ಸೋತಿರುತ್ತದೋ ಅವನು ಇನ್ನೊಬ್ಬನ ಊರಿಗೆ ಆಟ ನೋಡಲು ಬರಬೇಕು. ಈಗಿನಿಂದಲೇ ಚೀಲ ಕಟ್ಟಿಡು.

ಎಮಿಲ್


ಡೆಟ್ರಾಯಿಟ್
ಏಪ್ರಿಲ್ 22, 2003

ಪ್ರೀತಿಯ ಎಮಿಲ್,

ಗೆದ್ದ ದಿನ ಪಟಾಕಿ ಹೊಡೆಯಲಿಲ್ಲ ಮಾರಾಯ. ನಮ್ಮ ಬೀದಿಯಲ್ಲಿ ಯಾರೂ ನಂಬಲೇ ಇಲ್ಲ. ಪಕ್ಕದ ಮನೆಯವನು ಬೇಲಿ ಹತ್ತಿರ ನಿಂತು, "ಗೆದ್ರಂತೆ ಕಣೋ ಆರ್ಲೋ, ಎದುರು ತಂಡದ ಬಸ್ಸು ಬರ್ಲಿಲ್ವಾ?" ಅಂತ ಕೇಳಿದ. ಹೊಸ ಕ್ರೀಡಾಂಗಣ ನೋಡಿದ್ದೀಯಲ್ಲ, ಒಳಗೆ ಮಕ್ಕಳು ಕೂತು ಸುತ್ತುವ, ನಮ್ಮ ತಂಡದ ಗುರುತಾದ ಹುಲಿಗಳ ರಾಟೆ ಬೇರೆ ಇಟ್ಟಿದ್ದಾರೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಆ ರಾಟೆಯ ಹುಲಿಗಳನ್ನು ಬಿಚ್ಚಿ ಮೈದಾನಕ್ಕೆ ಬಿಟ್ಟರೆ ಇವರಿಗಿಂತ ಚೆನ್ನಾಗಿ ಓಡುತ್ತವೆ.

ನಿಯಮದ ಮಾತು ನನಗೆ ಹೇಳಿಕೊಡುತ್ತೀಯಾ? ತೊಂಬತ್ತೇಳರಲ್ಲಿ ನಿಮ್ಮೂರಿನಲ್ಲಿ ನಾವಿಬ್ಬರೂ ಕೂತು ನೋಡಿದ ಆ ಆಟ ಮರೆತೆಯಾ? ಒಂಬತ್ತು ಇನಿಂಗ್ಸ್‌ನ ಆಟ ಹತ್ತನೆಯದಕ್ಕೆ ಹೋದರೂ ಒಂದೂ ಹಿಟ್ ಇಲ್ಲ, ಸ್ಟೇಡಿಯಂ ತುಂಬ ಜನ, ಒಬ್ಬರ ಬಾಯಲ್ಲೂ ಆ ಮಾತಿಲ್ಲ. ಮುಂದಿನ ಸಾಲಿನ ದಡಿಯ ಮಾತ್ರ ಹೆಂಡತಿಗೆ, "ನೋಡೇ, ಇನ್ನೂ ಒಂದು ಹಿಟ್..." ಎಂದು ಬಾಯಿ ತೆರೆದ. ನೀನು ಕೈಯಲ್ಲಿದ್ದ ಕಡಲೆಕಾಯಿ ಪೊಟ್ಟಣವನ್ನು ಪೂರ್ತಿ ಅವನ ತಲೆ ಮೇಲೆ ಸುರಿದೆ. ಅವನು ತಿರುಗಿ ನೋಡಿ, ತನ್ನ ತಪ್ಪು ತಿಳಿದು, "ಕ್ಷಮಿಸಿ ಸಾರ್" ಅಂದ. ಬೇರೆ ಯಾವ ಜಾಗದಲ್ಲಿ ಹಾಗೆ ಮಾಡಿದ್ದರೂ ನಿನ್ನ ಹಲ್ಲು ಉದುರುತ್ತಿತ್ತು.

ಜರ್ಮನಿಯ ಸೇನಾ ನೆಲೆಯಲ್ಲಿ ಅರವತ್ತೆರಡರಲ್ಲಿ ನೀನು ಹಾಗೇ ಹಿಟ್ ಕೊಡದೆ ಎಸೆಯುತ್ತಿದ್ದಾಗ ನಾನೇನು ಮಾಡಿದೆ? ನಿನ್ನನ್ನು ಬೆಂಚಿನ ಒಂದು ತುದಿಯಲ್ಲಿ ಒಬ್ಬನೇ ಬಿಟ್ಟು ಎಲ್ಲರನ್ನೂ ಈ ತುದಿಗೆ ಎಳೆದುಕೊಂಡು ಬಂದೆ. ನೀರು ಕೊಡಲಿಕ್ಕೂ ಯಾರನ್ನೂ ಬಿಡಲಿಲ್ಲ. ಕೊನೆಯ ಇನಿಂಗ್ಸ್‌ನಲ್ಲಿ ಎದುರು ತಂಡದ ಆ ಅಡುಗೆಯವನು ಹಿಟ್ ಹೊಡೆದದ್ದು ನಿನ್ನ ಹಣೆಬರಹ, ಅದರಲ್ಲಿ ನನ್ನ ತಪ್ಪಿಲ್ಲ. ಈಗಲೂ ನಾನು ಬೆಂಚಿನ ಈ ತುದಿಯಲ್ಲೇ ಇರುತ್ತೇನೆ. ಬಾಯಿಗೆ ಬೀಗ.

ಆದರೆ ಬೇರೆ ಮಾತು ಆಡಬಹುದಲ್ಲ? ಮುಂದಿನ ವರ್ಷ ಮೇ ತಿಂಗಳಲ್ಲಿ ಬಾಲ್ಟಿಮೋರ್‌ಗೆ ಹೋಗೋಣ. ಅಲ್ಲಿ ಮೇಜಿನ ಮೇಲೆ ಹಳೇ ಪೇಪರ್ ಹಾಸಿ, ಏಡಿ ಸುರಿದು, ಕೈಗೆ ಮರದ ಸುತ್ತಿಗೆ ಕೊಡುತ್ತಾರೆ. ಸೋತ ತಂಡದ ಮೇಲಿನ ಸಿಟ್ಟನ್ನೆಲ್ಲ ಏಡಿಯ ಮೇಲೆ ತೀರಿಸಿಕೊಳ್ಳಬಹುದು. ಅದು ಊರು ಅಂದರೆ! ನೀನು ಸೇಂಟ್ ಲೂಯಿಸ್ ಅನ್ನುತ್ತೀಯ, ಗೊತ್ತು. ಅಲ್ಲಿನ ಜನ ಎದುರಾಳಿಯ ಒಳ್ಳೆಯ ಆಟಕ್ಕೂ ಚಪ್ಪಾಳೆ ತಟ್ಟುತ್ತಾರಂತೆ. ಅಂಥ ಒಳ್ಳೆಯವರ ಪಕ್ಕ ನಾನು ಕೂರಲಾರೆ.

ನಿನ್ನ,
ಆರ್ಲೋ


ಪಿಟ್ಸ್‌ಬರ್ಗ್
ಜೂನ್ 20, 2003

ಆರ್ಲೋ,

ಎರಡು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ನಮ್ಮವರು ಹೇಳಿದ ಮಾತಿಗೆ ತಪ್ಪದೆ ಜೂನ್‌ನಲ್ಲಿ ಬಿದ್ದರು. ನಿಮ್ಮವರ ಬಗ್ಗೆ ಕೇಳುವುದಕ್ಕೇ ಭಯ. ಇತಿಹಾಸದಲ್ಲೇ ಅತಿ ಹೆಚ್ಚು ಸೋತ ತಂಡ ಆಗುತ್ತಾರೆ, ಅರವತ್ತೆರಡರ ನ್ಯೂಯಾರ್ಕ್‌ನವರ ನೂರಿಪ್ಪತ್ತು ಸೋಲಿನ ದಾಖಲೆ ಮುರಿಯುತ್ತಾರೆ ಅಂತ ಈಗಲೇ ಪೇಪರಿನವರು ಬರೆಯುತ್ತಿದ್ದಾರೆ.

ಬೆಳಿಗ್ಗೆ ಹೊತ್ತು ನದಿ ಕಡೆ ನಡೆದು ಹೋಗಿ ಹಳದಿ ಸೇತುವೆ ಮೇಲೆ ನಿಂತು ಬರುತ್ತೇನೆ. ನಾನು ಚಿಕ್ಕವನಿದ್ದಾಗ ಉಕ್ಕಿನ ಕಾರ್ಖಾನೆಯ ಹೊಗೆಗೆ ಹಗಲಲ್ಲೂ ಬೀದಿದೀಪ ಹಚ್ಚುತ್ತಿದ್ದ ಊರು ಇದು. ಈಗ ಕಾರ್ಖಾನೆ ಇಲ್ಲ, ಹೊಗೆ ಇಲ್ಲ, ನೋಡಲು ಬಹಳ ಚೆನ್ನಾಗಿದೆ. ಹೊಗೆ ಕುಡಿದವರ ಗಂಟಲು ಮಾತ್ರ ಉಳಿದುಕೊಂಡಿತು.

ಜೂನ್ ಪರೀಕ್ಷೆ ಆಯಿತು. ನಿಯಮ ನಿಯಮವೇ, ಏನೂ ಹೇಳುವುದಿಲ್ಲ. ಚೆಂಡೊಂದು ಮೂರನೇ ಬೇಸಿನ ಹತ್ತಿರ ನುಸುಳಿ ಹೋಯಿತು ಅಂದುಕೋ. ಅದು ಹಿಟ್ ಎಂದು ಹಾಕಬೇಕೋ ಹಿಡಿಯುವವನ ತಪ್ಪೆಂದು ಹಾಕಿ ಪಿಚರನನ್ನು ಉಳಿಸಬೇಕೋ ಎಂದು ಅಂಕ ಬರೆಯುವವರು ಇನ್ನೂ ಯೋಚಿಸುತ್ತಿದ್ದಾರೆ. ಬೋರ್ಡಿನ ಮೇಲೆ ಇನ್ನೂ ಏನೂ ಬಂದಿಲ್ಲ. ಇಡೀ ಸ್ಟೇಡಿಯಂ ಬೋರ್ಡನ್ನೇ ನೋಡುತ್ತಾ ಕೂತಿದೆ.

ಜುಲೈ ನಾಲ್ಕಕ್ಕೆ ನೀನು ಬರುತ್ತೀಯಲ್ಲ? ಸೋಲಿನಲ್ಲಿ ನಿಮ್ಮನ್ನು ಮೀರಿಸಲು ನಮ್ಮಿಂದ ಸಾಧ್ಯವೇ ಇಲ್ಲ. ವೆರಾ ಎಲೆಕೋಸಿನ ಸುರುಳಿ ಮಾಡುತ್ತಾಳೆ. ಆಟದ ನಡುವೆ ಕಡುಬಿನ ವೇಷ ಹಾಕಿಕೊಂಡು ಓಡುವವರ ಪಂದ್ಯ ಇದೆಯಲ್ಲ, ಹೋದ ಸಲ ನೀನು ಬಿದ್ದು ಬಿದ್ದು ನಕ್ಕದ್ದು, ಅದು ಈ ವರ್ಷವೂ ಇದೆ. ಎರಡು ಸೀಟು ಹಿಡಿದಿದ್ದೇನೆ. ಬೇಗ ಬಾ, ಒಂದು ದಿನ ಮೊದಲೇ ಬಂದರೂ ಒಳ್ಳೆಯದೇ.

ಎಮಿಲ್


ಡೆಟ್ರಾಯಿಟ್
ಜೂನ್ 29, 2003

ಪ್ರೀತಿಯ ಎಮಿಲ್,

ಈ ಸಲ ಬರಲಾಗುವುದಿಲ್ಲ ಕಣೋ. ಬೈಯಬೇಡ. ಮಂಡಿ ಊದಿಕೊಂಡು ಕುಂಬಳಕಾಯಿ ಆಗಿದೆ. ಕಾರಿನ ಗೇರುಪೆಟ್ಟಿಗೆ ದಾರಿಯ ಮೊದಲ ಊರು ಟೊಲೀಡೋವನ್ನೂ ದಾಟುವುದಿಲ್ಲ ಅಂತ ಮೆಕ್ಯಾನಿಕ್ ಹೇಳಿದ. ಮೂವತ್ತು ವರ್ಷ ಕಾರು ಕಾರ್ಖಾನೆಯಲ್ಲಿ ಬಣ್ಣ ಹೊಡೆದವನ ಕಾರಿಗೆ ಈ ಗತಿ. ಬಿಸಿಲು ಬೇರೆ ವಿಪರೀತ.

ಇಪ್ಪತ್ತಾರು ವರ್ಷ ತಪ್ಪಿಸದವನು ಈಗ ತಪ್ಪಿಸುತ್ತಿದ್ದೇನೆ ಎಂದರೆ ಕಾರಣ ಇರಲೇಬೇಕಲ್ಲ. ನೀನು ಬುದ್ಧಿವಂತ, ಅರ್ಥ ಮಾಡಿಕೊಳ್ಳುತ್ತೀಯ. ನಾನು ಬೆಂಚಿನ ಈ ತುದಿ ಬಿಟ್ಟು ಕದಲುವುದಿಲ್ಲ.

ನುಸುಳಿ ಹೋದ ಚೆಂಡು ಯಾವ ಆಟದ್ದು ಅಂತ ತಿಳಿಯಲಿಲ್ಲ. ನಿಮ್ಮೂರಿನ ಆಟ ಇಲ್ಲಿ ರೇಡಿಯೋದಲ್ಲಿ ಬರುವುದಿಲ್ಲ. ಅದನ್ನು ತಪ್ಪು ಎಂದೇ ಬರೆಯುತ್ತಾರೆ ಬಿಡು. ಯಾವಾಗಲೂ ಹಾಗೇ ಬರೆಯುವುದು.

ನನ್ನ ಸೀಟಿನ ಮೇಲೆ ನಿನ್ನ ಕಾಲು ಇಟ್ಟುಕೋ. ವೆರಾಳ ಎಲೆಕೋಸಿನ ಸುರುಳಿಯಲ್ಲಿ ನನ್ನ ಪಾಲನ್ನೂ ನೀನೇ ತಿನ್ನು, ದಪ್ಪಗಾಗು. ಬಾಲ್ಟಿಮೋರ್‌ನಲ್ಲಿ ಮೇ ಎರಡನೇ ವಾರಕ್ಕೆ ಎರಡು ಕೋಣೆ ಹೇಳಿಟ್ಟಿದ್ದೇನೆ. ನೀನು ಗೊರಕೆ ಹೊಡೆಯುತ್ತೀಯ, ಆದ್ದರಿಂದ ಎರಡು.

ನಿನ್ನ,
ಆರ್ಲೋ


ಪಿಟ್ಸ್‌ಬರ್ಗ್
ಜುಲೈ 27, 2003

ಆರ್ಲೋ,

ನಿನ್ನ ಮಂಡಿ ಹೇಗಿದೆ? ಗೇರುಪೆಟ್ಟಿಗೆ ಹೇಗಿದೆ?

ನಮ್ಮವರು ಇದ್ದ ಇಬ್ಬರು ಒಳ್ಳೆಯ ಆಟಗಾರರನ್ನು ಚಿಕಾಗೋದವರಿಗೆ ಕೊಟ್ಟುಬಿಟ್ಟರು. ಸೀಸನ್ ಅರ್ಧದಲ್ಲಿರುವಾಗಲೇ ಅಂಗಡಿ ಮುಚ್ಚಿದರು. ನನಗೆ ಬೇಜಾರಾಗಲಿಲ್ಲ. ಬಿಟ್ಟು ಹೋಗುವವರು ಹೋಗುತ್ತಾರೆ.

ಜುಲೈ ನಾಲ್ಕರಂದು ನಿನ್ನ ಸೀಟಿನಲ್ಲಿ ಯಾರೋ ಹೆಂಗಸು ಚೀಲ ಇಟ್ಟುಕೊಂಡಿದ್ದಳು. "ಇಲ್ಲಿ ಯಾರಾದ್ರೂ ಬರ್ತಾರಾ?" ಅಂತ ಕೇಳಿದಳು. ನನ್ನ ದನಿ ಅವಳಿಗೆ ಕೇಳಿಸುವುದಿಲ್ಲ, ಹಾಗಾಗಿ ಇಲ್ಲವೆಂದು ತಲೆ ಅಲ್ಲಾಡಿಸಿದೆ. ಕಡುಬಿನ ಪಂದ್ಯ ಶುರುವಾಗುವ ಮೊದಲೇ ಮನೆಗೆ ಬಂದೆ. ನನ್ನ ಜೀವಮಾನದಲ್ಲಿ ಆಟ ಮುಗಿಯುವ ಮುಂಚೆ ಎದ್ದು ಬಂದದ್ದು ಇದೇ ಮೊದಲು.

ಬಾಲ್ಟಿಮೋರ್ ಕೋಣೆ ವಿಷಯ ನನ್ನನ್ನು ಕೇಳದೆ ಯಾಕೆ ಮಾಡಿದೆ? ಮೇ ತಿಂಗಳು ದೂರ ಇದೆ. ಒಂದು ಕೋಣೆ ಸಾಕು ಅನ್ನಿಸುತ್ತದೆ.

ಎಮಿಲ್


ಡೆಟ್ರಾಯಿಟ್
ಆಗಸ್ಟ್ 17, 2003

ಪ್ರೀತಿಯ ಎಮಿಲ್,

ಗುರುವಾರ ಮಧ್ಯಾಹ್ನ ಇಲ್ಲಿ ಕರೆಂಟು ಹೋದದ್ದು ನೀನೂ ಕೇಳಿರಬೇಕು. ಕ್ಲೀವ್‌ಲ್ಯಾಂಡ್‌ನಲ್ಲೂ ಇಲ್ಲ, ನ್ಯೂಯಾರ್ಕ್‌ನಲ್ಲೂ ಇಲ್ಲ, ನಿಮ್ಮೂರಿನಲ್ಲಿ ಮಾತ್ರ ಇತ್ತಂತೆ. ದೇವರಿಗೆ ಪಿಟ್ಸ್‌ಬರ್ಗ್ ಮೇಲೆ ಅದೇನು ಪ್ರೀತಿಯೋ. ನಮಗೆ ನಲ್ಲಿಯಲ್ಲಿ ನೀರೂ ಇರಲಿಲ್ಲ. ಫ್ರಿಜ್ಜಿನ ಮಾಂಸವೆಲ್ಲ ಕೆಟ್ಟು ಹೋಗುತ್ತದೆಂದು ಬೀದಿಯವರೆಲ್ಲ ಒಲೆ ಹೊರಗಿಟ್ಟು ಸುಟ್ಟು, ಹೋಗುವವರನ್ನು ಬರುವವರನ್ನು ಕರೆದು ತಿನ್ನಿಸಿದರು. ಎದುರು ಮನೆಯ ಮುದುಕಿ ಹದಿನೈದು ವರ್ಷದಿಂದ ನನ್ನ ಜೊತೆ ಮಾತು ಬಿಟ್ಟವಳು, ಅವಳೂ ಒಂದು ತಟ್ಟೆ ಪಕ್ಕೆಲುಬಿನ ಮಾಂಸ ತಂದು ಕೊಟ್ಟು, "ತಿನ್ನು, ಸಾಯ್ಬೇಡ" ಅಂದಳು. ಇದೇ ಕಣೋ ನನ್ನ ಊರು. ಹೊರಗಿನವರು ಏನು ಬೇಕಾದರೂ ಅನ್ನಲಿ, ಡೆಟ್ರಾಯಿಟ್‌ನಲ್ಲಿ ಹಸಿದು ಸತ್ತವನಿಲ್ಲ, ಸೋತು ಸತ್ತವನಿಲ್ಲ.

ನಿನಗೆ ನನ್ನ ಮೇಲೆ ಕೋಪವೇ? ಕಾಗದ ಓದಿ ಹಾಗನ್ನಿಸಿತು. ಸ್ವಲ್ಪ ತಡೆದುಕೋ. ಸೆಪ್ಟೆಂಬರ್ ಇಪ್ಪತ್ತೆಂಟಕ್ಕೆ ಸೀಸನ್ ಮುಗಿಯುತ್ತದೆ. ಕೊನೆಯ ಔಟ್ ಬಿದ್ದ ಕೂಡಲೇ ಕ್ಯಾಚರ್ ಮುಖದ ಜಾಲರಿ ಎಸೆದು ಓಡಿ ಹೋಗಿ ಪಿಚರನ ಮೇಲೆ ಹಾರುತ್ತಾನಲ್ಲ, ಹಾಗೆ ಬರುತ್ತೇನೆ. ಬೆನ್ನು ಗಟ್ಟಿ ಮಾಡಿಕೊಂಡಿರು, ನಾನೀಗ ನೂರು ಕಿಲೋ ಇದ್ದೇನೆ.

ಒಂದು ಕೋಣೆ ಸಾಕು ಅಂದೆಯಲ್ಲ, ಒಂದನ್ನು ರದ್ದು ಮಾಡಿದೆ. ಗೊರಕೆ ಹೊಡೆದರೆ ಮೂಗು ಹಿಡಿಯುತ್ತೇನೆ.

ನಿನ್ನ,
ಆರ್ಲೋ


ಪಿಟ್ಸ್‌ಬರ್ಗ್
ಸೆಪ್ಟೆಂಬರ್ 5, 2003

ಆರ್ಲೋ,

ಮುಂದಿನ ವಾರ ಬಾ. ಯಾವ ಆಟವೂ ಇಲ್ಲದಿದ್ದರೂ ಪರವಾಗಿಲ್ಲ, ಸುಮ್ಮನೆ ಬಾ. ಯಾಕೆಂದು ಕೇಳಬೇಡ. ಕಾರು ಓಡದಿದ್ದರೆ ಬಸ್ಸಿದೆ. ಮಂಡಿ ನೋಯುತ್ತಿದ್ದರೆ ಇಲ್ಲಿ ಮೆಟ್ಟಿಲು ಹತ್ತಬೇಕಾಗಿಲ್ಲ, ನನ್ನ ಮಂಚವನ್ನು ವೆರಾ ಕೆಳಗಿನ ಮುಂದಿನ ಕೋಣೆಗೆ ತರಿಸಿದ್ದಾಳೆ. ಕಿಟಕಿಯಿಂದ ಬೀದಿ ಕಾಣುತ್ತದೆ, ಬಂದರೆ ನೀನು ಕಾಣುತ್ತೀಯ.

ಎಮಿಲ್


ಡೆಟ್ರಾಯಿಟ್
ಸೆಪ್ಟೆಂಬರ್ 11, 2003

ಪ್ರೀತಿಯ ಎಮಿಲ್,

ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ಬಸ್ ನಿಲ್ದಾಣದವರೆಗೆ ಹೋಗಿದ್ದೆ. ಟಿಕೆಟ್ ಕಿಟಕಿಯವಳು "ಎಲ್ಲಿಗೆ?" ಅಂದಳು. ನಾನು ವಾಪಸು ಬಂದೆ. ಇನ್ನು ಎರಡೂವರೆ ವಾರ. ಕೊನೆಯ ಒಂಬತ್ತನೇ ಇನಿಂಗ್ಸ್‌ನಲ್ಲಿ ಬಂದು ಪಕ್ಕದಲ್ಲಿ ಕೂರುವ ಮೂರ್ಖ ಯಾವನಾದರೂ ಇದ್ದಾನೆಯೇ? ಇಷ್ಟು ದಿನ ಕಾಯ್ದುಕೊಂಡು ಬಂದದ್ದನ್ನು ನಾನು ಕೆಡಿಸಲಾರೆ. ನಿನಗೆ ಬೇಸರ ಆಗಿದೆ, ಒಬ್ಬನೇ ಇದ್ದು ಇದ್ದು ಸಾಕಾಗಿದೆ, ನನಗೆ ಗೊತ್ತು. ಹಲ್ಲು ಕಚ್ಚಿಕೊಂಡಿರು.

ಮಂಚ ಕೆಳಗೆ ತಂದದ್ದು ಒಳ್ಳೆಯದಾಯಿತು. ನಿಮ್ಮ ಮನೆಯ ಮೆಟ್ಟಿಲು ಯಾರಿಗಾದರೂ ಕಷ್ಟವೇ.

ನಿನ್ನ,
ಆರ್ಲೋ


ಪಿಟ್ಸ್‌ಬರ್ಗ್
ಸೆಪ್ಟೆಂಬರ್ 25, 2003

ಆರ್ಲೋ,

ಈ ಕಾಗದ ಮೂರು ದಿನದಿಂದ ಬರೆಯುತ್ತಿದ್ದೇನೆ. ಕೈ ಸೋಲುತ್ತದೆ.

ಹಿಟ್ ಜೂನ್‌ನಲ್ಲೇ ಬಿತ್ತು. ಮೊದಲು ಅನುಮಾನ ಅಂದರು, ಆಗಸ್ಟ್ ಮೊದಲ ವಾರ ಇನ್ನೊಮ್ಮೆ ನೋಡಿ ಹೌದು ಅಂದರು. ಗಂಟಲಿನಿಂದ ಶ್ವಾಸಕೋಶಕ್ಕೆ ಇಳಿದಿದೆ. ಸೆಪ್ಟೆಂಬರ್ ಪರೀಕ್ಷೆಗೆ ನಾನು ಹೋಗಲೂ ಇಲ್ಲ. ಇನ್ನು ಪರೀಕ್ಷೆ ಮಾಡಲು ಏನಿದೆ.

ಜೂನ್‌ನಲ್ಲಿ ನಿನಗೆ ಹೇಳಿದೆ. ಬೋರ್ಡಿನ ಮಾತು ನಿನಗಲ್ಲದೆ ಇನ್ಯಾರಿಗೆ ಅರ್ಥವಾಗಬೇಕಿತ್ತು? ನೀನು ಯಾವ ಆಟ ಎಂದು ಕೇಳಿದೆ. ನನಗೆ ಅರ್ಥವಾಯಿತು. ಐದು ವರ್ಷದ ಹಿಂದೆ ನಿನ್ನ ಡೆಲಾ ಇದೇ ಕಾಯಿಲೆಯಲ್ಲಿ ಹೋದಳು. ಹೆಂಡತಿಯ ಹಾಸಿಗೆ ಪಕ್ಕ ಕೂತು ಕಂಡವನು ಇನ್ನೊಂದು ಹಾಸಿಗೆ ಪಕ್ಕ ಕೂರಲಾರ, ಅದಕ್ಕೇ ಮಂಡಿ, ಗೇರುಪೆಟ್ಟಿಗೆ ಅನ್ನುತ್ತಿದ್ದಾನೆ ಅಂದುಕೊಂಡೆ. ಅದನ್ನು ಕ್ಷಮಿಸಿಬಿಡಬೇಕು ಎಂದು ಬೇಸಿಗೆಯೆಲ್ಲ ಪ್ರಯತ್ನ ಪಟ್ಟೆ. ಆಗಲಿಲ್ಲ. ಬಹಳ ಸಿಟ್ಟು ಬಂತು, ಆಮೇಲೆ ಬಹಳ ಅಳು ಬಂತು. ಅಳುವುದಕ್ಕೂ ನನಗೆ ದನಿ ಇಲ್ಲ.

ಜರ್ಮನಿಯಲ್ಲಿ ಆ ಅಡುಗೆಯವನು ಹಿಟ್ ಹೊಡೆದಾಗ ಎಲ್ಲರಿಗಿಂತ ಮೊದಲು ಓಡಿ ಬಂದವನು ನೀನು. ಭುಜದ ಮೇಲೆ ಕೈ ಹಾಕಿ, "ಹೋಗ್ಲಿ ಬಿಡೋ, ರಾತ್ರಿ ಅವನ ಅಡುಗೆ ಬಗ್ಗೆ ದೂರು ಕೊಟ್ರಾಯ್ತು" ಅಂದೆ. ಹಿಟ್ ಬಿದ್ದ ಮೇಲೆ ನಿಯಮ ಇಲ್ಲ, ಎಲ್ಲರೂ ಬರಬಹುದು. ಈ ಸಲ ನಾನು ಜೂನ್‌ನಿಂದ ನೋಡುತ್ತಿದ್ದೇನೆ. ಯಾರೂ ಬರಲಿಲ್ಲ.

ಬರಬೇಕೆಂದು ಇದನ್ನು ಬರೆಯುತ್ತಿಲ್ಲ. ಗೊತ್ತಿರಲಿ ಎಂದು ಬರೆದೆ.

ಎಮಿಲ್


ಡೆಟ್ರಾಯಿಟ್
ಸೆಪ್ಟೆಂಬರ್ 28, 2003, ಭಾನುವಾರ

ನನ್ನ ಎಮಿಲ್,

ಗೆದ್ದೆವು! ಕೊನೆಯ ಆಟ ಗೆದ್ದೆವು! ನೂರಾ ಹತ್ತೊಂಬತ್ತು ಸೋಲಿಗೆ ನಿಂತೆವು, ದಾಖಲೆ ಆ ನ್ಯೂಯಾರ್ಕ್‌ನವರ ಹತ್ತಿರವೇ ಇರಲಿ. ನಿನ್ನೆ ಎಂಟು ಸೊನ್ನೆ ಹಿಂದಿದ್ದು ಒಂಬತ್ತು ಎಂಟಕ್ಕೆ ಗೆದ್ದರು, ಇವತ್ತು ಮತ್ತೆ ಗೆದ್ದರು. ಜನ ಎದ್ದು ನಿಂತು ಕುಣಿದದ್ದು ನೋಡಿದರೆ ಚಾಂಪಿಯನ್ ಪಟ್ಟವನ್ನೇ ಗೆದ್ದಿದ್ದಾರೆ ಅನ್ನಬೇಕು. ನನ್ನ ಪಕ್ಕದಲ್ಲಿದ್ದ ಪೊಲೀಸಿನವನು ನನ್ನನ್ನು ತಬ್ಬಿಕೊಂಡ. ನಾನು ಅತ್ತುಬಿಟ್ಟೆ ಕಣೋ. ಅವನು ಆಟಕ್ಕೆ ಅಳುತ್ತಿದ್ದಾನೆ ಅಂದುಕೊಂಡ. ನಾನು ನಿನಗಾಗಿ ಅತ್ತದ್ದು.

ಯಾಕೆಂದರೆ ಕೊನೆಯ ಔಟ್ ಬಿತ್ತು, ಸೀಸನ್ ಮುಗಿಯಿತು, ನೀನೂ ಮುಗಿಸಿದೆ. ಈಗ ಹೇಳಬಹುದಲ್ಲ? ಇನ್ನು ಮೂರು ದಿನ ಬಾಯಿ ಮುಚ್ಚಿಕೊಂಡಿರುತ್ತೇನೆ, ಎದುರಿಗೇ ಹೇಳುತ್ತೇನೆ. ಮಂಗಳವಾರ ಮಂಡಿ ಡಾಕ್ಟರು ನೋಡುತ್ತಾರೆ, ಬುಧವಾರ ಬೆಳಿಗ್ಗೆ ಹೊರಡುತ್ತೇನೆ. ಈ ಕಾಗದ ನನಗಿಂತ ಮುಂಚೆ ಬರುತ್ತದೆ. ವೆರಾಳಿಗೆ ಹೇಳು, ಎಲೆಕೋಸಿನ ಸುರುಳಿ ಹನ್ನೆರಡಕ್ಕೆ ಕಡಿಮೆ ಮಾಡಿದರೆ ವಾಪಸು ಹೋಗುತ್ತೇನೆ.

ನಿನ್ನ ಕ್ಯಾಚರ್,
ಆರ್ಲೋ


ಪಿಟ್ಸ್‌ಬರ್ಗ್, ಮುಂದಿನ ಕೋಣೆ
ಅಕ್ಟೋಬರ್ 1, 2003
(ಔಷಧದ ಚೀಲ ಹರಿದು ಅದರ ಮೇಲೆ)

ಅಂಚೆಯವನು ಈಗ ನಿನ್ನ ಭಾನುವಾರದ ಕಾಗದ ತಂದ. ನಿನ್ನ ಎದುರಿಗೇ ಓದ್ತಾ ಇದೀನಿ. ಸೋಮವಾರ ನನ್ನ ಕಾಗದ ನೋಡಿ ಆವತ್ತೇ ಓಡಿ ಬಂದೋನು, ಎರಡು ದಿನದಿಂದ ಕುರ್ಚೀಲಿ ಕೂತು ನೆಲ ನೋಡ್ತಾ ಇದೀಯ. ಗೆದ್ದಿದ್ದಕ್ಕೆ ಅಭಿನಂದನೆ. ಒಂಬತ್ತು ಎಂಟು, ಹೌದಾ? ಏನಾದ್ರೂ ಹೇಳೋ.

ಎಮಿಲ್


ಅದೇ ದಿನ, ಅದೇ ಕೋಣೆ
(ಅದೇ ಚೀಲದ ಹಿಂಬದಿ)

ಬಾಯಿಂದ ಹೇಳಕ್ಕಾಗ್ತಿಲ್ಲ ಎಮಿಲ್, ಅದಕ್ಕೇ ಬರೀತಾ ಇದೀನಿ. ಹೆದರಿ ತಪ್ಪಿಸಿಕೊಂಡಿದ್ದಲ್ಲ. ಡೆಲಾಗೆ ಮೊದಲನೇ ಸಲ ವಾಸಿ ಆದಾಗ ನಾನು ದೊಡ್ಡ ಕೇಕ್ ತಂದೆ, ಬೀದಿಯವರನ್ನೆಲ್ಲ ಕರೆದೆ, "ನನ್ನ ಹೆಂಡ್ತಿ ಗೆದ್ಲು" ಅಂತ ಕೂಗಿ ಹೇಳಿದೆ. ಎರಡು ತಿಂಗಳಿಗೆ ತಿರುಗಿ ಬಂತು. ನಿನ್ನ ವಿಷ್ಯದಲ್ಲಿ ಹಾಗಾಗಬಾರದು ಅಂತ ದೂರ ಕೂತೆ. ದೂರ ಕೂತ್ರೆ ನೀನು ಉಳೀತೀಯ ಅಂದ್ಕೊಂಡೆ. ನುಸುಳಿ ಹೋದ ಚೆಂಡಿನ ಮಾತು ನಂಗೆ ಅರ್ಧ ಅರ್ಥ ಆಗಿತ್ತು ಕಣೋ. ಅರ್ಥ ಆಗಿಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ಜುಲೈ ಪೂರ್ತಿ ನಂಗೆ ಇಲ್ಲಿಗೆ ಬರಬೇಕು ಅನ್ನಿಸ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು.

ಆರ್ಲೋ


ಅಕ್ಟೋಬರ್ 2

ಲೋ ಕತ್ತೆ. ನಿನ್ನೆ ನಿನ್ನ ಚೀಟಿ ಓದಿ ನಿದ್ದೆ ಬಂದುಬಿಡ್ತು, ಔಷಧದ ನಿದ್ದೆ, ತಪ್ಪು ತಿಳೀಬೇಡ. ಈಗ ಬರೀತೀನಿ.

ಅರವತ್ತೆರಡರಲ್ಲಿ ನಾನು ಆ ಬೆಂಚಿನ ತುದೀಲಿ ಕೂತಿದ್ನಲ್ಲ, ಆಗ್ಲೂ ಯಾರಾದ್ರೂ ಬಂದು ಪಕ್ಕ ಕೂತ್ಕೊಳ್ಳಲಿ ಅನ್ನಿಸ್ತಿತ್ತು. ನೀವೆಲ್ಲ ಆ ಕಡೆ ಗುಂಪಾಗಿ ಕೂತು ನನ್ನ ನೋಡದ ಹಾಗೆ ನಟಿಸ್ತಿದ್ರಿ. ನಲವತ್ತು ವರ್ಷ ಇದನ್ನ ಯಾರಿಗೂ ಹೇಳಿಲ್ಲ. ಏಪ್ರಿಲ್‌ನಲ್ಲಿ ನಿಯಮ ಹಾಕಿದೋನು ನಾನೇ. ಹಾಕಿ ತಪ್ಪು ಮಾಡಿದೆ. ಆ ನಿಯಮ ಮೊದಲು ಮಾಡಿದೋನು ಯಾವನೋ, ಅವನಂತೂ ಪಿಚರ್ ಆಗಿರ್ಲಿಲ್ಲ ಬಿಡು.

ನೀನು ಯಾಕೋ ಬರೀತೀಯ? ನಿಂಗೆ ಗಂಟಲಿದೆಯಲ್ಲ. ಪೆನ್ನು ವೆರಾಗೆ ಕೊಡು. ಕುರ್ಚಿ ಹತ್ರ ಎಳ್ಕೋ. ಬಾಲ್ಟಿಮೋರ್ ಬಗ್ಗೆ ಹೇಳು, ಆ ಏಡಿ, ಆ ಸುತ್ತಿಗೆ, ಎಲ್ಲ. ಜೋರಾಗಿ ಹೇಳು. ಇನ್ನು ಏನೂ ಕೆಡೋದಿಲ್ಲ.

ಎಮಿಲ್


ಪಿಟ್ಸ್‌ಬರ್ಗ್
ಮೇ 9, 2004

ಎಮಿಲ್,

ನೀನು ಹೋದ ಮೇಲೆ ಬರೆಯುವ ಮೊದಲ ಕಾಗದ ಇದು. ಕೊನೆಯದೂ ಇದೇ. ಎಲ್ಲಿಗೆ ಹಾಕಬೇಕೆಂದು ಗೊತ್ತಿಲ್ಲ, ವೆರಾಳ ಕೈಗೆ ಕೊಡುತ್ತೇನೆ.

ಅಕ್ಟೋಬರ್‌ನಲ್ಲಿ ನೀನು ಕಣ್ಣು ಮುಚ್ಚುವವರೆಗೂ ನಾನು ಮಾತಾಡಿದೆ. ಬಾಲ್ಟಿಮೋರ್ ಮುಗಿಯಿತು, ಸೇಂಟ್ ಲೂಯಿಸ್ ಮುಗಿಯಿತು, ನಾನು ಕಂಡೇ ಇರದ ಸ್ಯಾನ್ ಡಿಯೆಗೋವನ್ನೂ ಕಂಡವನ ಹಾಗೆ ವರ್ಣಿಸಿದೆ. ನೀನು ಸುಳ್ಳನ್ನು ಹಿಡಿದು ನಕ್ಕೆ. ಆ ನಗುವಿಗೂ ದನಿ ಇರಲಿಲ್ಲ, ಭುಜ ಅಲುಗಿತು.

ಈ ವಾರ ಬಾಲ್ಟಿಮೋರ್‌ಗೆ ಹೋಗಬೇಕಿತ್ತು. ಕೋಣೆ ರದ್ದು ಮಾಡಿ ಇಲ್ಲಿಗೆ ಬಂದೆ. ವೆರಾ ಬಾಗಿಲು ತೆರೆದಳು, ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ನಿನ್ನೆ ಆಟಕ್ಕೆ ಬರುತ್ತೀಯಾ ಎಂದು ಕೇಳಿದಾಗ ಕೋಟು ಹಾಕಿಕೊಂಡು ಬಂದಳು. ನಿನ್ನ ಸೀಟಿನಲ್ಲಿ ಅವಳು, ನನ್ನ ಸೀಟಿನಲ್ಲಿ ನಾನು.

ನಿಮ್ಮೂರಿನ ಪಿಚರ್ ಐದು ಇನಿಂಗ್ಸ್ ಒಂದೂ ಹಿಟ್ ಕೊಡಲಿಲ್ಲ. ಸುತ್ತಲಿನವರೆಲ್ಲ ಮೆತ್ತಗೆ ಮಾತು ನಿಲ್ಲಿಸಿದರು, ಗೊತ್ತಲ್ಲ, ಆ ಮೌನ. ಮೈದಾನದ ಆಚೆ ಬೆಂಚು ಕಾಣುತ್ತಿತ್ತು. ಅವನು ಒಂದು ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಉಳಿದವರೆಲ್ಲ ಇನ್ನೊಂದು ತುದಿಗೆ ಸರಿದಿದ್ದರು. ನನಗೆ ನೋಡಲಾಗಲಿಲ್ಲ. ಎದ್ದು ನಿಂತು ಗಂಟಲು ಹರಿಯುವ ಹಾಗೆ ಕೂಗಿದೆ, "ಇನ್ನೂ ಒಂದೂ ಹಿಟ್ ಬಿದ್ದಿಲ್ಲ ಕಣ್ರೋ! ಯಾರಾದ್ರೂ ಹೋಗಿ ಅವನ ಪಕ್ಕ ಕೂತ್ಕೊಳ್ರೋ!"

ಮೂರು ಸಾಲಿನವರು ತಿರುಗಿ ನೋಡಿದರು. ಮುಂದಿದ್ದವನು, "ಬಾಯ್ಮುಚ್ಚಯ್ಯಾ, ವಯಸ್ಸಾಗಿದೆ, ಅಷ್ಟೂ ಗೊತ್ತಾಗಲ್ವಾ?" ಅಂದ. ಯಾರೋ ಹಿಂದಿನಿಂದ ಕಡಲೆಕಾಯಿ ಎಸೆದರು. ಮುಂದಿನ ಇನಿಂಗ್ಸ್‌ನ ಮೊದಲ ಚೆಂಡಿಗೇ ಹಿಟ್ ಬಿತ್ತು. ಎಲ್ಲರೂ ನನ್ನನ್ನೇ ನೋಡಿದರು. ಆಮೇಲೆ ಎದ್ದು ನಿಂತು ಪಿಚರನಿಗೆ ಚಪ್ಪಾಳೆ ತಟ್ಟಿದರು, ಕ್ಯಾಚರ್ ನಡೆದು ಹೋಗಿ ಅವನ ಭುಜದ ಮೇಲೆ ಕೈ ಇಟ್ಟ. ನಾನು ಕೂತುಕೊಂಡೆ.

ವೆರಾ ಕೋಟಿನ ಮೇಲೆ ಬಿದ್ದ ಕಡಲೆಕಾಯಿ ಸಿಪ್ಪೆ ಕೊಡವಿದಳು. ಮೈದಾನದಿಂದ ಕಣ್ಣು ತೆಗೆಯಲಿಲ್ಲ. "ಹೋದ ಜುಲೈನಲ್ಲಿ ಎಲ್ಲಿತ್ತು ಆರ್ಲೋ ಈ ಬಾಯಿ?" ಅಂದಳು.

ಆಟ ಮುಗಿಯುವವರೆಗೂ ಇಬ್ಬರೂ ಕೂತಿದ್ದೆವು. ನಿಮ್ಮವರು ಸೋತರು.

ಆರ್ಲೋ